ಹಳೆಯ ರಬ್ಬರ್ ಗಿಡಗಳ ಜಾಡು ಹಿಡಿದು

ಇದು ಟೈರಿಗೆ ಹಾಲು ಕೊಡುವ ಹೀವಿಯಾ ಅಲ್ಲ. ಕುಂಡದಲ್ಲಿ ಬೆಳೆಸುವ, ಆಲ-ಅತ್ತಿಗಳ ಕುಲದ ಫೈಕಸ್ ಇಲಾಸ್ಟಿಕಾ. 1870ರ ದಶಕದಲ್ಲಿ ಅಸ್ಸಾಮಿನ ಚಾರ್‌ದುವಾರ್‌ನಲ್ಲಿ ರಬ್ಬರಿಗೆಂದೇ ಇದನ್ನು ನೆಟ್ಟಿದ್ದರು. ಹೀವಿಯಾ ಗೆದ್ದ ಮೇಲೆ ಇದು ಅಲಂಕಾರದ ಗಿಡವಾಗಿ ಉಳಿಯಿತು.

ಇದರ ಪರಾಗಸ್ಪರ್ಶಕ್ಕೆ ಒಂದು ನಿರ್ದಿಷ್ಟ ಪುಟ್ಟ ಕಣಜವೇ ಬೇಕು. ಅದಿಲ್ಲದ ಕಡೆ ಬೀಜ ಕಟ್ಟುವುದಿಲ್ಲ. ಹಾಗಾಗಿ ತಳಿ ಉಳಿಯುವುದು ಕಡ್ಡಿಯಿಂದ ಕಡ್ಡಿಗೆ ಮಾತ್ರ. ಕಿರಿದಾದ ಎಲೆಯ ಮೂಲ ರೂಪವನ್ನು ಅಗಲ ಎಲೆಯ ‘ಡೆಕೋರಾ’ ಬದಿಗೊತ್ತಿತು, ಅದನ್ನು ‘ರೋಬಸ್ಟಾ’. ನರ್ಸರಿ ಕೈಬಿಟ್ಟ ತಳಿಗಳು ಹಳೆಯ ಅಂಗಳಗಳಲ್ಲಿ ಹೆಸರಿಲ್ಲದೆ ಬದುಕಿರುತ್ತವೆ. ಅವನ್ನು ಗುರುತಿಸಿ ಉಳಿಸಿಕೊಳ್ಳುವ ಬಗೆ ಹೀಗೆ.

ಗಿಡದ ಹೆಸರಿನ ಚೀಟಿಯನ್ನು ನಂಬಬೇಡಿ. 1959ರ ಜನವರಿ 1ರಿಂದ ಹೊಸ ತಳಿಗೆ ಲ್ಯಾಟಿನ್ ರೂಪದ ಹೆಸರು ಇಡಕೂಡದೆಂಬುದು ಅಂತರರಾಷ್ಟ್ರೀಯ ನಿಯಮ. ‘ಡೆಕೋರಾ’, ‘ವೇರಿಗೇಟಾ’ದಂಥ ಹೆಸರು ಹಳತಿನ ಸುಳಿವಾದೀತೇ ಹೊರತು ಪುರಾವೆಯಾಗದು, ವ್ಯಾಪಾರಿಗಳು ನಿಯಮ ಓದಿ ಹೆಸರಿಡುವುದಿಲ್ಲ.

ಎಲೆಯೂ ಮೋಸ ಮಾಡುತ್ತದೆ. ಎಳೆಯ ಗಿಡದಲ್ಲಿ 30 ಸೆಂ.ಮೀ. ದಾಟುವ ಎಲೆ ದೊಡ್ಡ ಮರದಲ್ಲಿ 10–15 ಸೆಂ.ಮೀ.ಗೆ ಇಳಿಯುತ್ತದೆ, ಮರದ ಎಲೆ ನೋಡಿ ‘ಮೂಲ ರೂಪ’ ಎಂದವರು ಎಡವುವುದು ಇಲ್ಲೇ. ನೆರಳಲ್ಲಿ ‘ಬರ್ಗಂಡಿ’ ತಳಿಯ ಕಡುಗೆಂಪೂ ಹಸಿರಾಗುತ್ತದೆ. ಆದ್ದರಿಂದ ತಳಿ ಗೊತ್ತಿರುವ ಗಿಡ, ಗೊತ್ತಿಲ್ಲದ ಗಿಡ ಎರಡನ್ನೂ ಒಂದೇ ಬೆಳಕಿನಲ್ಲಿ ಬೆಳೆಸಿ. ಹತ್ತಾರು ಹೊಸ ಎಲೆ ಬಂದ ಮೇಲೆ ಮೊಗ್ಗಿನ ಹೊದಿಕೆಯ ಬಣ್ಣ, ಎಲೆಯಡಿಯ ನಡುನರದ ಕೆಂಪು, ಎಲೆಗಳ ನಡುವಿನ ಅಂತರ ಹೋಲಿಸಿ. ‘ಡೋಶೆರಿ’ ತಳಿಯಾದರೆ ಬೂದುಹಸಿರು ಮಚ್ಚೆ, ಕೆನೆಬಣ್ಣದ ಅಂಚು, ಗುಲಾಬಿ ತೊಟ್ಟು.

ಗಿಡ ಪಡೆಯಲು ಗೂಟಿ ಕಟ್ಟುವುದೇ, ಅಂದರೆ ರೆಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದೇ ಭದ್ರ. ಪೆನ್ಸಿಲ್ ದಪ್ಪದ ರೆಂಬೆಯಲ್ಲಿ, ಗಿಣ್ಣಿನ ಕೆಳಗೆ 2–3 ಸೆಂ.ಮೀ. ಅಗಲದ ತೊಗಟೆಯ ಉಂಗುರ ತೆಗೆಯಿರಿ. ಸೋರುವ ಹಾಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗಿನ ಜಾರು ಪದರವನ್ನು ಕೆರೆಯಿರಿ. ಅದು ಉಳಿದರೆ ತೊಗಟೆ ಮತ್ತೆ ಕೂಡಿಕೊಂಡು ಬೇರು ಬರುವುದಿಲ್ಲ. ಹಿಂಡಿದ ಒದ್ದೆ ಸ್ಫ್ಯಾಗ್ನಮ್ ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆಯ ಎರಡೂ ತುದಿ ಬಿಗಿಯಾಗಿ ಕಟ್ಟಿ. ಬೆಚ್ಚಗಿದ್ದರೆ ಆರೆಂಟು ವಾರದಲ್ಲಿ ಬೇರು ಕಾಣುತ್ತದೆ. ಪಾಚಿ ಒಣಗಿದರೆ ಶ್ರಮ ವ್ಯರ್ಥ.

ಒಂದೇ ರೆಂಬೆ ಸಿಕ್ಕರೆ ಎಲೆ ಸಮೇತ ಒಂದೊಂದು ಗಿಣ್ಣನ್ನು ತುಂಡರಿಸಿ ನೆಡಬಹುದು. ತೊಟ್ಟಿನ ಬುಡದ ಮೊಗ್ಗು ಇರಲೇಬೇಕು: ಬರೀ ಎಲೆಯೂ ಬೇರು ಬಿಡುತ್ತದೆ, ವರ್ಷಗಟ್ಟಲೆ ಹಸಿರಾಗಿಯೇ ನಿಲ್ಲುತ್ತದೆ, ಚಿಗುರುವುದಿಲ್ಲ. ಬಣ್ಣದೆಲೆಯ ತಳಿಯಲ್ಲಿ ಪೂರ್ತಿ ಹಸಿರು ಚಿಗುರು ಕಂಡ ಕೂಡಲೇ ಬುಡದವರೆಗೆ ಕತ್ತರಿಸಿ, ಬಿಟ್ಟರೆ ಅದು ಉಳಿದದ್ದನ್ನೆಲ್ಲ ಮೀರಿ ಬೆಳೆಯುತ್ತದೆ.