ಸ್ಕ್ಲೆರೋಡರ್ಮಾ ಇದ್ದವರಿಗೆ ಇಸಬ್‌ಗೋಲು ಕೊಟ್ಟಷ್ಟೂ ಹೊಟ್ಟೆ ಉಬ್ಬುವುದು ಏಕೆ?

ಪ್ರಶ್ನೆ: ನಮ್ಮ ತಾಯಿಗೆ ಐದು ವರ್ಷದಿಂದ ಸ್ಕ್ಲೆರೋಡರ್ಮಾ, ಅಂದರೆ ಚರ್ಮ ಬಿಗಿಯುವ ಕಾಯಿಲೆ ಇದೆ. ಈಗ ನಾಲ್ಕೈದು ದಿನಕ್ಕೊಮ್ಮೆ ಮಾತ್ರ ಮಲ ಹೋಗುತ್ತದೆ. ಎರಡು ಹೊತ್ತು ಮುದ್ದೆ, ಸೊಪ್ಪಿನ ಸಾರು, ರಾತ್ರಿ ಎರಡು ಚಮಚ ಇಸಬ್‌ಗೋಲು ಕೊಡುತ್ತಿದ್ದೇವೆ. ಆದರೂ ಹೊಟ್ಟೆ ಗುಡಾಣದಂತೆ ಉಬ್ಬುತ್ತದೆ. ಇನ್ನೂ ಏನೇನು ಕೊಡಬೇಕು?

ಉತ್ತರ: ಕೊಡುತ್ತಿರುವುದನ್ನು ಕಡಿಮೆ ಮಾಡಬೇಕು. ಚಿಂತಾಮಣಿಯಿಂದ ಬರಲಿ, ಶ್ರೀನಿವಾಸಪುರದಿಂದ ಬರಲಿ, ಈ ಪ್ರಶ್ನೆಯ ಒಳಗೆ ಇರುವ ನಂಬಿಕೆ ಒಂದೇ: ಮಲಬದ್ಧತೆಗೆ ನಾರೇ ಮದ್ದು, ಗುಣವಾಗದಿದ್ದರೆ ನಾರು ಸಾಲದಾಗಿದೆ. ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ. ಆದ್ದರಿಂದ ಈ ಸಲ ಬುಡದಿಂದ ಹೇಳುತ್ತೇನೆ.

ನಾರು ತಾನಾಗಿ ಮಲವನ್ನು ತಳ್ಳುವುದಿಲ್ಲ. ಅದು ನೀರು ಹೀರಿ ಉಬ್ಬುತ್ತದೆ, ಉಬ್ಬಿದ್ದು ಕರುಳಿನ ಗೋಡೆಯನ್ನು ಹಿಗ್ಗಿಸುತ್ತದೆ, ಹಿಗ್ಗಿದ ಗೋಡೆ ಹಿಂಡಿ ಮುಂದಕ್ಕೆ ದೂಡುತ್ತದೆ. ಕೆಲಸ ಮಾಡುವುದು ಗೋಡೆಯ ಸ್ನಾಯು. ಸ್ಕ್ಲೆರೋಡರ್ಮಾದಲ್ಲಿ ಕೆಡುವುದು ಅದೇ. ಮೊದಲು ಕರುಳಿನ ನರಗಳು ಸೋಲುತ್ತವೆ, ಆಮೇಲೆ ಸ್ನಾಯು ಸವೆಯುತ್ತದೆ, ಕೊನೆಗೆ ಆ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಅಂಥ ಕರುಳಿಗೆ ಇಸಬ್‌ಗೋಲು ತುಂಬುವುದು, ಎತ್ತು ಸೋತು ಕುಸಿದಾಗ ಗಾಡಿಗೆ ಇನ್ನೆರಡು ಮೂಟೆ ಹೇರಿದಂತೆ. ಲೋಳೆಯಾಗಿ ಉಬ್ಬಿದ್ದು ಅಲ್ಲೇ ಕೂರುತ್ತದೆ, ಕೆಲವರಲ್ಲಿ ಗಟ್ಟಿ ಉಂಡೆಯಾಗಿ ದಾರಿಯನ್ನೇ ಕಟ್ಟುತ್ತದೆ.

‘ನೀರು ಸಾಲದೆ ಹಾಗಾಗಿದೆ, ಇನ್ನೊಂದು ಚೊಂಬು ಕುಡಿಸಿ’ ಎನ್ನುವವರಿದ್ದಾರೆ. ನೀರು ಬೇಕು, ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ದಿನಕ್ಕೆ ಒಂದೂವರೆ ಎರಡು ಲೀಟರ್. ಆದರೆ ನೀರು ಹಿಂಡುವ ಶಕ್ತಿ ಕೊಡುವುದಿಲ್ಲ. ‘ನಮ್ಮಜ್ಜಿಗೆ ಇಸಬ್‌ಗೋಲಿನಿಂದಲೇ ಸರಿಹೋಯಿತು’ ಎನ್ನುತ್ತಾರೆ. ಅಜ್ಜಿಯ ಕರುಳಿನ ಸ್ನಾಯು ಚೆನ್ನಾಗಿ ಹಿಂಡುತ್ತಿತ್ತು, ಸರಿಹೋಯಿತು. ‘ಗಿಡದ್ದು, ಏನೂ ಮಾಡಲ್ಲ’ ಎನ್ನುವ ಮಾತಂತೂ ಬಿಡಿ, ಉಬ್ಬುವ ವಸ್ತು ಗಿಡದ್ದಾದರೂ ಉಬ್ಬಿಯೇ ಉಬ್ಬುತ್ತದೆ. ಕಾಯಿಲೆಯ ಶುರುವಿನಲ್ಲಿ, ಹೊಟ್ಟೆಯುಬ್ಬರ ಇಲ್ಲದವರಿಗೆ ಸ್ವಲ್ಪ ನಾರು ಹಿಡಿಸಬಹುದು. ಉಬ್ಬರ ಶುರುವಾದ ಮೇಲೆ ಇಸಬ್‌ಗೋಲು ನಿಲ್ಲಿಸಲೇಬೇಕು.

ಮುದ್ದೆಯ ವಿಷಯಕ್ಕೆ ಕೋಲಾರದವರು ಬೇಸರ ಮಾಡಿಕೊಳ್ಳಬಾರದು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಒಳಗೆ. ಮೇಲಾಗಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅನ್ನನಾಳದ ಕೆಳಭಾಗದ ಸ್ನಾಯುವೂ ಇದೇ ಕಾಯಿಲೆಗೆ ಸಿಕ್ಕಿರುವುದರಿಂದ ತುತ್ತು ಎದೆಯಲ್ಲೇ ನಿಲ್ಲುತ್ತದೆ. ಸಣ್ಣ ಕಣ್ಣಿನ ಜರಡಿ ಹಿಡಿದ ಹಿಟ್ಟಿನ ತೆಳು ಗಂಜಿ, ಮೆತ್ತನೆಯ ಅನ್ನ, ಇಡ್ಲಿ ನಡೆಯುತ್ತವೆ. ಎರಡು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ, ಕೊನೆಯದು ಮಲಗುವುದಕ್ಕೆ ಮೂರು ಗಂಟೆ ಮುಂಚೆ. ಹಿದುಕಿದ ಬೇಳೆಯಲ್ಲಿ ಸಿಪ್ಪೆಯ ನಾರು ಹೋದರೂ ಗ್ಯಾಸ್ ಮಾಡುವ ಸಕ್ಕರೆಗಳು ಬೇಳೆಯಲ್ಲೇ ಉಳಿಯುತ್ತವೆ. ಅವರೆಕಾಯಿ ಕಾಲದಲ್ಲಿ ಉಬ್ಬರ ಹೆಚ್ಚುವುದು ಇದಕ್ಕೇ.

ಹಾಗಾದರೆ ಮಲ ಹೋಗುವುದು ಹೇಗೆ? ವೈದ್ಯರನ್ನು ಕೇಳಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಶುರುಮಾಡಿ. 17 ಗ್ರಾಂ ಪುಡಿಯನ್ನು ಒಂದು ದೊಡ್ಡ ಲೋಟ, ಅಂದರೆ 200ರಿಂದ 250 ಮಿ.ಲೀ. ನೀರಿನಲ್ಲಿ ಪೂರ್ತಿ ಕರಗಿಸಿ ದಿನಕ್ಕೊಮ್ಮೆ. ಇದು ಕರುಳಿನಲ್ಲಿ ಹುದುಗು ಬಂದು ಗ್ಯಾಸ್ ಆಗುವುದಿಲ್ಲ, ನೀರನ್ನು ಮಲದಲ್ಲೇ ಹಿಡಿದಿಡುತ್ತದೆ. ಕೆಲಸಕ್ಕೆ ಒಂದರಿಂದ ಮೂರು ದಿನ ಹಿಡಿಯುವುದರಿಂದ ಮೊದಲ ರಾತ್ರಿಯೇ ಪ್ರಮಾಣ ಏರಿಸಬೇಡಿ. ಲ್ಯಾಕ್ಟುಲೋಸ್ ಸಿರಪ್ ಬೇರೆ: ಅದು ಸಕ್ಕರೆ, ಬ್ಯಾಕ್ಟೀರಿಯಾ ಅದನ್ನು ಹುದುಗಿಸುತ್ತದೆ, ಉಬ್ಬರ ಹೆಚ್ಚುತ್ತದೆ. ಪುಡಿ ಸಾಲದಿದ್ದರೆ ರಾತ್ರಿ ಬಿಸಕೋಡಿಲ್ 5 ಮಿ.ಗ್ರಾಂ, ಹಾಲಿನ ಜೊತೆ ಅಲ್ಲ. ಹಾಲು ಮಾತ್ರೆಯ ಹೊರಕವಚವನ್ನು ಹೊಟ್ಟೆಯಲ್ಲೇ ಕರಗಿಸಿ ನೋವು ಕೊಡುತ್ತದೆ. ಕರುಳಿನಲ್ಲಿ ಇನ್ನೂ ಸ್ನಾಯು ಉಳಿದಿದ್ದರೆ ಕರುಳಿನ ಚಲನೆ ಹೆಚ್ಚಿಸುವ ಪ್ರುಕಾಲೋಪ್ರೈಡ್ ಮಾತ್ರೆ ನೆರವಾಗುತ್ತದೆ, ಅದನ್ನು ತಜ್ಞರೇ ತೀರ್ಮಾನಿಸಬೇಕು. ತಿಂಡಿಯಾದ ಅರ್ಧ ಗಂಟೆಯೊಳಗೆ ಶೌಚಕ್ಕೆ ಕೂರಿಸಿ, ಕರುಳು ಆಗಲೇ ಹೆಚ್ಚು ಚಲಿಸುವುದು. ಮಂಡಿ ಬಿಗಿದು ಕುಕ್ಕರಗಾಲಲ್ಲಿ ಕೂರಲಾಗದವರು ಕಮೋಡಿನ ಮುಂದೆ ಒಂದು ಗೇಣು ಎತ್ತರದ ಮಣೆ ಇಟ್ಟು ಕಾಲಿಡಲಿ.

ಮಾತ್ರೆಗಳ ಪಟ್ಟಿಯನ್ನೂ ನೋಡಿ. ಹೊಟ್ಟೆನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೊಡುವ ಡೈಸೈಕ್ಲೋಮಿನ್, ಮೈಕೈ ನೋವಿನ ಟ್ರಮಡಾಲ್ ಎರಡೂ ಇರುವಷ್ಟು ಚಲನೆಯನ್ನೂ ನಿಲ್ಲಿಸುತ್ತವೆ. ಕಬ್ಬಿಣದ ಮಾತ್ರೆ ಮಲವನ್ನು ಗಟ್ಟಿ ಮಾಡುತ್ತದೆ. ಬೆರಳು ನೀಲಿಗಟ್ಟುವುದಕ್ಕೆ ಕೊಡುವ ನಿಫೆಡಿಪಿನ್ ಕೂಡ ಕರುಳನ್ನು ನಿಧಾನಿಸುತ್ತದೆ, ಆದರೆ ಅದನ್ನು ನೀವಾಗಿ ಬಿಟ್ಟರೆ ಬೆರಳ ತುದಿಯಲ್ಲಿ ಹುಣ್ಣಾಗಬಹುದು. ವಾರಗಟ್ಟಲೆ ಮಲ ಕಟ್ಟಿ ಆಮೇಲೆ ನೀರಿನಂತೆ ಸೋರಿದರೆ ಅದನ್ನು ಭೇದಿ ಎಂದುಕೊಂಡು ಲೋಪೆರಮೈಡ್ ಕೊಡಬೇಡಿ. ಗಟ್ಟಿ ಮಲದ ಪಕ್ಕದಿಂದ ನೀರು ನುಸುಳುತ್ತಿರುತ್ತದೆ.

ಇನ್ನು ಯಾರೂ ಕೇಳದ ಪ್ರಶ್ನೆ: ಅಷ್ಟೊಂದು ಉಬ್ಬಿದ ಹೊಟ್ಟೆಯವರು ಸಣ್ಣಗಾಗುವುದು ಏಕೆ? ಸಣ್ಣಕರುಳೂ ನಿಂತ ನೀರಿನ ಕುಂಟೆಯಾದಾಗ ಅಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದು, ತಿಂದದ್ದನ್ನು ಮೊದಲು ಅವೇ ತಿನ್ನುತ್ತವೆ. ಜಿಡ್ಡು ತೇಲುವ ನಾರುವ ಮಲ, ಮಧ್ಯೆ ಮಧ್ಯೆ ಭೇದಿ, ರಕ್ತದಲ್ಲಿ ವಿಟಮಿನ್ ಬಿ12 ಕಡಿಮೆ ಇದ್ದು ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಹೆಚ್ಚಿರುವುದು ಇದರ ಗುರುತು. ಗ್ಲೂಕೋಸ್ ಕುಡಿಸಿ ಉಸಿರಿನ ಹೈಡ್ರೋಜನ್ ಅಳೆಯುವ ಪರೀಕ್ಷೆ ಇದೆ. ರಿಫಾಕ್ಸಿಮಿನ್‌ನಂಥ ಆಂಟಿಬಯಾಟಿಕ್ ಎರಡು ವಾರ ಕೊಟ್ಟರೆ ಇಳಿಯುತ್ತದೆ, ಕರುಳಿನ ಚಲನೆ ಸುಧಾರಿಸದ ಕಾರಣ ಮತ್ತೆ ಬರಬಹುದು. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಆರು ತಿಂಗಳಲ್ಲಿ ಹತ್ತನೇ ಒಂದು ಭಾಗ ಇಳಿದರೆ ವೈದ್ಯರು ಕೊಟ್ಟ ಮುಂದಿನ ತಾರೀಖಿನವರೆಗೆ ಕಾಯಬೇಡಿ.

ಹೊಟ್ಟೆ ಬಿಗಿದು, ವಾಂತಿಯಾಗುತ್ತಾ, ಗಾಳಿಯೂ ಹೋಗದಿದ್ದರೆ ಬಾಯಿಗೆ ಏನೂ ಕೊಡದೆ, ಮಲ ಹೋಗಿಸುವ ಮಾತ್ರೆಯನ್ನೂ ಕೊಡದೆ, ಆಗಲೇ ಆಸ್ಪತ್ರೆಗೆ ಹೊರಡಿ. ಎಕ್ಸ್‌ರೇಯಲ್ಲಿ ಕರುಳು ಕಟ್ಟಿಕೊಂಡಂತೆಯೇ ಕಂಡರೂ ಒಳಗೆ ಅಡ್ಡಿ ಇಲ್ಲದಿರಬಹುದು, ಕರುಳು ಸುಮ್ಮನೆ ನಿಂತಿರಬಹುದು. ಆಗ ಬೇಕಾದದ್ದು ಮೂಗಿನ ಟ್ಯೂಬು, ಡ್ರಿಪ್, ಪೊಟ್ಯಾಸಿಯಂ ಸರಿಪಡಿಸುವುದು. ಆಪರೇಷನ್ ಅಲ್ಲ. ರಾತ್ರಿ ಡ್ಯೂಟಿಯ ವೈದ್ಯರಿಗೆ ಇದು ಹೊಳೆಯಬೇಕಾದರೆ ಕಾಯಿಲೆಯ ಹೆಸರು ಗೊತ್ತಿರಬೇಕು. ಫೈಲಿನ ಮೇಲೆ ‘ಸ್ಕ್ಲೆರೋಡರ್ಮಾ, ಕರುಳಿಗೂ ಇದೆ’ ಎಂದು ದಪ್ಪ ಅಕ್ಷರದಲ್ಲಿ ಇವತ್ತೇ ಬರೆಯಿರಿ.