‘ಎಲ್ಲ ಪಕ್ಕಾ ಆದ ಮೇಲೆ ಶುರು ಮಾಡೋಣ’ ಅಂತ ಕಾಯುತ್ತಿದ್ದೀರಾ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ನಮ್ಮದೇ ಬೀಜ ಹುರಿದು, ಪುಡಿ ಮಾಡಿ ಮಾರಬೇಕು ಅನ್ನುವ ಆಸೆ ತುಂಬಾ ಹಳೆಯದು. ಹುರಿಯುವುದರ ಬಗ್ಗೆ ನಾನು ನೋಡದ ವಿಡಿಯೊ ಇಲ್ಲ. ಆದರೆ ಹದ ಪಕ್ಕಾ ಆಗಬೇಕು, ಒಳ್ಳೆಯ ಹೆಸರು ಸಿಗಬೇಕು, ಪ್ಯಾಕೆಟ್ ಚೆಂದ ಇರಬೇಕು ಅಂತ ಕೆಲಸ ಮುಂದಕ್ಕೆ ಹೋಗುತ್ತಲೇ ಇದೆ. ಈ ಪರ್ಫೆಕ್ಷನ್ ಹುಚ್ಚು ಬಿಡಿಸಿಕೊಳ್ಳುವುದು ಹೇಗೆ?

ಉತ್ತರ: ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುವ ಗಾದೆ ನಿಮಗಾಗಿಯೇ ಹುಟ್ಟಿದ ಹಾಗಿದೆ. ಧೈರ್ಯ ಬಂದ ಮೇಲೆ ಶುರು ಮಾಡೋಣ ಅಂತ ನೀವು ಕಾಯುತ್ತಿದ್ದೀರಿ. ಶುರು ಮಾಡದೆ ಆ ಧೈರ್ಯ ಬರುವುದಿಲ್ಲ. ಹುಚ್ಚು ಸದ್ಯಕ್ಕೆ ಹಾಗೇ ಇರಲಿ, ಮದುವೆ ಮೊದಲು ಆಗಲಿ.

ಕೊಡಗಿನಲ್ಲಿ ಕೆಲಸ ಮುಂದೂಡಲು ಕಾರಣ ಹುಡುಕಬೇಕಾಗಿಲ್ಲ, ಕ್ಯಾಲೆಂಡರೇ ಕೊಡುತ್ತದೆ. ಜೂನ್‌ನಿಂದ ಮಳೆ, ಕರೆಂಟ್ ನಂಬುವ ಹಾಗಿಲ್ಲ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ, ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ. ಆಮೇಲೆ ಅರೇಬಿಕಾ ಕೊಯ್ಲು, ಆಸುಪಾಸಿನಲ್ಲೇ ಪುತ್ತರಿ ಹಬ್ಬ. ಅದು ಮುಗಿಯಿತು ಅನ್ನುವಾಗ ರೊಬಸ್ಟಾ ಕೊಯ್ಲು. ಮತ್ತೆ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೋ ಇಲ್ಲವೋ ಅಂತ ಆಕಾಶ ನೋಡುವುದು, ಬಾರದಿದ್ದರೆ ಸ್ಪ್ರಿಂಕ್ಲರ್ ಓಡಿಸುವುದು. ಏಪ್ರಿಲ್, ಮೇ ಪೂರ್ತಿ ಮದುವೆ ಮನೆಗಳು. ಅಷ್ಟರಲ್ಲಿ ಮತ್ತೆ ಜೂನ್. ಇವೆಲ್ಲ ನಿಜವಾದ ಕೆಲಸಗಳೇ, ತೊಂದರೆ ಇರುವುದೂ ಅಲ್ಲೇ. ನೆಪ ನಿಜವಾಗಿದ್ದಾಗ ಅದು ನೆಪ ಅಂತ ಗೊತ್ತೇ ಆಗುವುದಿಲ್ಲ.

ಮುಂದೂಡಿದ ಕ್ಷಣ ಏನಾಗುತ್ತದೆ, ಗಮನಿಸಿ. ಎದೆ ಹಗುರಾಗುತ್ತದೆ. ಈ ವರ್ಷಕ್ಕಂತೂ ಯಾರೂ ನನ್ನ ಕಾಫಿ ಕುಡಿದು ಮುಖ ಕಿವುಚುವುದಿಲ್ಲ ಅನ್ನುವ ನೆಮ್ಮದಿ ಅದು. ಮನಸ್ಸು ಆ ರುಚಿ ಹಿಡಿದುಬಿಡುತ್ತದೆ. ಮುಂದಿನ ಸಲ ಭಯ ಬಂದಾಗ ಅದೇ ದಾರಿಗೆ ಎಳೆಯುತ್ತದೆ. ಆದರೆ ಆ ಭಯ ಪರೀಕ್ಷೆಗೇ ಕೂತಿಲ್ಲ, ಅದಕ್ಕೇ ಯಾವತ್ತೂ ಫೇಲ್ ಆಗಿಲ್ಲ. ಇನ್ನೊಂದು ವಿಡಿಯೊ ನೋಡುವುದು ಇದಕ್ಕಿಂತ ಮೋಸದ್ದು, ಏಕೆಂದರೆ ಅದು ಕೆಲಸ ಮಾಡಿದ ಹಾಗೇ ಅನಿಸುತ್ತದೆ!

ಬ್ರಿಟನ್‌ನ ಸಂಶೋಧಕರಾದ ರೋಜ್ ಶಫ್ರನ್, ಜಾಫ್ರಾ ಕೂಪರ್ ಮತ್ತು ಕ್ರಿಸ್ಟೋಫರ್ ಫೇರ್‌ಬರ್ನ್ 2002ರಲ್ಲಿ ಈ ಪರ್ಫೆಕ್ಷನ್ ಹುಚ್ಚಿನ ಬಗ್ಗೆ ಬರೆದರು. ಅವರ ಪ್ರಕಾರ ಗುರಿ ದೊಡ್ಡದಿರುವುದೇ ರೋಗವಲ್ಲ. ಆ ಗುರಿಯ ಮೇಲೇ ತನ್ನ ಬೆಲೆಯನ್ನೆಲ್ಲ ತೂಗುವುದು, ಅದರಿಂದ ನಷ್ಟವಾಗುತ್ತಿದ್ದರೂ ಬಿಡದಿರುವುದು ರೋಗ. ಇದಕ್ಕೆ ಕೊಡುವ ಚಿಕಿತ್ಸೆಯಲ್ಲಿ ಬುದ್ಧಿವಾದ ಒಂದೇ ಸಾಲದು. ಭಯ ಹೇಳುವ ಭವಿಷ್ಯವನ್ನು ಸಣ್ಣ ಕೆಲಸ ಮಾಡಿ ಪರೀಕ್ಷಿಸುವುದು ಅದರ ಮುಖ್ಯ ಭಾಗ.

ನಿಮ್ಮ ವಿಷಯದಲ್ಲಿ ಅದು ಹೀಗೆ. ಮೊದಲು ಒಂದು ಚೀಟಿಯಲ್ಲಿ ನಿಮ್ಮ ಭಯ ಬರೆದಿಡಿ: ‘ಐದು ಜನ ಕುಡಿದರೆ ನಾಲ್ಕು ಜನ ಚೆನ್ನಾಗಿಲ್ಲ ಅನ್ನುತ್ತಾರೆ.’ ಆಮೇಲೆ 200 ಗ್ರಾಂ ಬೀಜ ತೆಗೆದುಕೊಂಡು ಮನೆಯ ಬಾಣಲೆಯಲ್ಲೇ ಹುರಿಯಿರಿ. ಎಲ್ಲ ಬೀಜ ಒಂದೇ ಬಣ್ಣಕ್ಕೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಚಟಪಟ ಸದ್ದು ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಇಳಿಸಿ, ಬೇಗ ಆರಿಸಿ, ಮಾರನೆಯ ದಿನ ಪುಡಿ ಮಾಡಿ. ಹೆಸರಿಲ್ಲದ ಸಾದಾ ಕವರಿನಲ್ಲೇ ಐದು ಮನೆಗೆ ಕೊಡಿ. ‘ಚೆನ್ನಾಗಿದೆಯಾ?’ ಅಂತ ಮಾತ್ರ ಕೇಳಬೇಡಿ. ನಮ್ಮ ಕಡೆ ಎದುರಿಗೆ ಯಾರೂ ಇಲ್ಲ ಅನ್ನುವುದಿಲ್ಲ, ಅಲ್ವಾ? ‘ದುಡ್ಡು ಕೊಟ್ಟು ಇನ್ನೊಂದು ಸಲ ತೆಗೆದುಕೊಳ್ಳುತ್ತೀರಾ?’ ಅಂತ ಕೇಳಿ. ಬಂದ ಉತ್ತರವನ್ನು ಆ ಚೀಟಿಯ ಪಕ್ಕದಲ್ಲೇ ಬರೆಯಿರಿ.

ತೋಟದಲ್ಲಿ ನೀವು ಹೀಗೆ ಕಾದು ಕೂರುವುದಿಲ್ಲ. ಗಿಡದ ಹಣ್ಣೆಲ್ಲ ಒಂದೇ ದಿನ ಕೆಂಪಾಗಲಿ ಅಂತ ಯಾರು ಬಿಡುತ್ತಾರೆ? ಮೊದಲ ಸುತ್ತಿನಲ್ಲಿ ಹಣ್ಣಾದದ್ದನ್ನು ಬಿಡಿಸುತ್ತೀರಿ, ಆಮೇಲೆ ದೊಡ್ಡ ಕೊಯ್ಲು, ಕೊನೆಗೆ ಉಳಿದದ್ದು.

ಹಾಗಂತ ಎಲ್ಲದರಲ್ಲೂ ‘ನಡೆಯುತ್ತೆ ಬಿಡಿ’ ಅನ್ನಬೇಡಿ. ಒಣಗಿಸುವುದರಲ್ಲಿ ನಿಮ್ಮ ಹಟ ಪೂರ್ತಿ ಇರಲಿ. ಅರೇಬಿಕಾ ಪಾರ್ಚ್‌ಮೆಂಟಿನ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜದ) ತೇವಾಂಶ ಶೇ 10ರ ಹತ್ತಿರ ಬರದಿದ್ದರೆ ಬೂಷ್ಟು ಹಿಡಿಯುತ್ತದೆ. ಇದರಲ್ಲಿ ಅನುಮಾನವಿದ್ದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿ. ಮಾರಾಟಕ್ಕೆ ಇಳಿಯುವ ಮುಂಚೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕೇ ಬೇಕು. ಚಿಕೋರಿ ಬೆರೆಸಿದರೆ ಎಷ್ಟು ಅಂತ ಪ್ಯಾಕೆಟ್ ಮೇಲೆ ಹಾಕಬೇಕು, ಶೇ 49 ದಾಟುವಂತಿಲ್ಲ. ಹೆಸರು, ಬಣ್ಣ, ಪ್ಯಾಕೆಟ್ಟಿನ ಚಿತ್ರ ಇವೆಲ್ಲ ಆಮೇಲೂ ಬದಲಾಗುತ್ತವೆ. ಒಂದು ಭಾನುವಾರದಲ್ಲಿ ಮುಗಿಸಿಬಿಡಿ.

ಈ ಚಿಂತೆಯಿಂದ ನಿದ್ದೆಯೇ ಬರುತ್ತಿಲ್ಲ, ಬೇರೆ ಕೆಲಸಗಳೂ ನಿಂತಿವೆ ಅನ್ನುವ ಮಟ್ಟಕ್ಕೆ ಹೋಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಐವರಲ್ಲಿ ಇಬ್ಬರು ನಿಜವಾಗಲೂ ಚೆನ್ನಾಗಿಲ್ಲ ಅಂದರೆ? ಏನು ಚೆನ್ನಾಗಿಲ್ಲ ಅಂತ ಬಿಡಿಸಿ ಕೇಳಿ. ಸುಟ್ಟ ಕಹಿ ಅಂದರೆ ಮುಂದಿನ ಸಲ ಸ್ವಲ್ಪ ಬೇಗ ಇಳಿಸಿ. ಹುಳಿ ಅಥವಾ ಹಸಿ ವಾಸನೆ ಅಂದರೆ ಇನ್ನಷ್ಟು ಹೊತ್ತು ಹುರಿಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ರುಚಿ ಬದಲಾಯಿತು ಅಂತ ತಿಳಿಯುವುದಿಲ್ಲ.