ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಯಾಕೆ ಕಾಯುತ್ತಾರೆ?

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಬೇಸಿಗೆಯಲ್ಲಿ ಕಬ್ಬಿನ ಗದ್ದೆಗೆ ಬೆಂಕಿ ಬೀಳುವುದುಂಟು. ಬಿಸಿಲಿಗೆ ಕರೆಂಟ್ ತಂತಿ ಹಿಗ್ಗಿ ಜೋತು ಬೀಳುತ್ತದೆ. ಗಾಳಿಗೆ ಒಂದಕ್ಕೊಂದು ತಗುಲಿ ಕಿಡಿ ಉದುರುತ್ತದೆ. ಕೆಳಗೆ ಒಣಗಿದ ತರಗು. ಫೈರ್ ಇಂಜಿನ್ ಬಂದರೂ ಕೆಲವು ಸಲ ಸಿಬ್ಬಂದಿ ಪೈಪ್ ಹಿಡಿದು ದೂರದಲ್ಲೇ ನಿಂತುಬಿಡುತ್ತಾರೆ. ಬೆಳೆ ಕಣ್ಣೆದುರೇ ಉರಿಯುವಾಗ ರೈತನಿಗೆ ಸಿಟ್ಟು ಬರುವುದು ಸಹಜ. ಆದರೆ ಅವರು ಸುಮ್ನೆ ನಿಂತಿರುವುದಿಲ್ಲ. ತಂತಿ ಹರಿದು ಬಿದ್ದಿದ್ದರೆ ಕರೆಂಟ್ ಹೋಗಿದೆ ಎಂದು ಖಚಿತವಾಗಬೇಕು.

ನೆಲಕ್ಕೆ ಬಿದ್ದ ತಂತಿಯಲ್ಲಿ ಕರೆಂಟ್ ತಾನಾಗಿಯೇ ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದು ಯಾವಾಗಲೂ ನಿಜವಲ್ಲ. ಸಬ್‌ಸ್ಟೇಷನ್‌ನಲ್ಲಿ ಲೈನ್ ಟ್ರಿಪ್ ಆಗಬೇಕಾದರೆ, ಅಂದರೆ ತಾನಾಗಿ ಕಡಿತವಾಗಬೇಕಾದರೆ, ದೊಡ್ಡ ಪ್ರಮಾಣದ ಕರೆಂಟ್ ಹರಿಯಬೇಕು. ಒಣ ಮಣ್ಣು ಅಷ್ಟನ್ನು ಬಿಡುವುದಿಲ್ಲ. ಕೆಲವೇ ಆಂಪಿಯರ್ ಹರಿದರೆ ಅಲ್ಲಿಗೆ ಅದು ಎಂದಿನ ಬಳಕೆಯಂತೆಯೇ ಕಾಣುತ್ತದೆ. 11,000 ವೋಲ್ಟ್‌ನ ತಂತಿ ಸದ್ದಿಲ್ಲದೆ, ಕಿಡಿಯಿಲ್ಲದೆ ಬಿದ್ದಿರಬಹುದು. ಒಮ್ಮೆ ಟ್ರಿಪ್ ಆದರೂ, ದೋಷ ಹೋಯಿತೇ ಎಂದು ನೋಡಲು ಮತ್ತೆ ಕರೆಂಟ್ ಬಿಡುವುದುಂಟು.

ತಂತಿ ಮುಟ್ಟದಿದ್ದರೂ ಅಪಾಯ ತಪ್ಪುವುದಿಲ್ಲ. ಬಿದ್ದ ಜಾಗದಿಂದ ಕರೆಂಟ್ ನೆಲದಲ್ಲಿ ಸುತ್ತಲೂ ಹರಡುತ್ತದೆ. ಒಂದು ಲೆಕ್ಕ ನೋಡೋಣ. ಸಾಧಾರಣ ತೇವದ ಮಣ್ಣಿಗೆ 10 ಆಂಪಿಯರ್ ಇಳಿಯುತ್ತಿದೆ ಅಂದುಕೊಳ್ಳಿ. ಒಂದು ಮೀಟರ್ ದೂರದಲ್ಲಿ ನೆಲದ ವೋಲ್ಟೇಜ್ ಸುಮಾರು 160, ಎರಡು ಮೀಟರ್‌ನಲ್ಲಿ 80. ಒಂದು ಕಾಲು ಅಲ್ಲಿ, ಇನ್ನೊಂದು ಇಲ್ಲಿ ಇಟ್ಟರೆ ನಡುವೆ 80 ವೋಲ್ಟ್! ಅದೇ ಹೆಜ್ಜೆಯನ್ನು ಹತ್ತು ಮೀಟರ್ ಆಚೆ ಇಟ್ಟರೆ ವ್ಯತ್ಯಾಸ ಒಂದೂವರೆ ವೋಲ್ಟ್ ಅಷ್ಟೇ. ಕನಿಷ್ಠ ಹತ್ತು ಮೀಟರ್ ದೂರವಿರಿ ಎನ್ನುವುದು ಇದಕ್ಕೇ. ಒದ್ದೆಯಾದ ಬೂಟನ್ನು ನಂಬುವಂತಿಲ್ಲ. ಹತ್ತಿರ ಸಿಕ್ಕಿಕೊಂಡವರು ಕಾಲು ಎತ್ತಬಾರದು. ಪಾದಗಳನ್ನು ಜೋಡಿಸಿ, ನೆಲಕ್ಕೆ ಒರೆಸುತ್ತಾ ಇಂಚಿಂಚೇ ಸರಿಯಬೇಕು. ಹಸುವಿಗೆ ಇದು ಸಾಧ್ಯವಿಲ್ಲ, ಪಾಪ. ಅದರ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ. ಕರೆಂಟ್ ಎದೆಯ ಮೂಲಕವೇ ಹಾಯುತ್ತದೆ. ಕಂಬದ ಬಳಿ ದನ ಸಾಯುವುದಕ್ಕೆ ಇದೂ ಒಂದು ಕಾರಣ.

ತಂತಿ ಮೇಲೇ ಇದ್ದರೂ ಕಷ್ಟವೇ. ದಟ್ಟ ಹೊಗೆ ಮತ್ತು ಜ್ವಾಲೆಯಲ್ಲಿ ಕರೆಂಟನ್ನು ತಡೆಯುವ ಗಾಳಿಯ ಶಕ್ತಿ ಕುಗ್ಗುತ್ತದೆ. ಹೈಟೆನ್ಷನ್ ಲೈನಿನಿಂದ ಅದರ ಮೂಲಕ ಕರೆಂಟ್ ನೆಲಕ್ಕೆ ಜಿಗಿಯಬಹುದು. ಇನ್ನು ನಾಲೆಯ ನೀರಿನಲ್ಲಿ ಲವಣ ಇದ್ದೇ ಇರುತ್ತದೆ. ಅದು ಒಂದೇ ಧಾರೆಯಾಗಿ ಚಿಮ್ಮಿ ತಂತಿಗೆ ತಗುಲಿದರೆ ಪೈಪ್ ಹಿಡಿದವರವರೆಗೂ ಶಾಕ್ ಬರಬಹುದು. ತುಂತುರಾಗಿ ಸಿಂಪಡಿಸಿದರೆ ಹನಿಗಳ ನಡುವೆ ಗಾಳಿ ಇರುವುದರಿಂದ ಅಪಾಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ.

ಮೈಸೂರಿನ ಮನೆಗಳಿಗೆ ಬೆಂಕಿ ಬಿದ್ದರೆ ಬೇರೆ ತಲೆನೋವು. ಮೇನ್ ಸ್ವಿಚ್ ಆಫ್ ಮಾಡಿದರೂ ಯುಪಿಎಸ್ ಬ್ಯಾಟರಿಯಿಂದ ಕೆಲವು ತಂತಿಗಳಲ್ಲಿ 230 ವೋಲ್ಟ್ ಉಳಿಯುತ್ತದೆ. ಚಾವಣಿಯ ಸೋಲಾರ್ ಪ್ಯಾನೆಲ್ಲಿಗಂತೂ ಹಗಲಲ್ಲಿ ಸ್ವಿಚ್ಚೇ ಇಲ್ಲ. ಬೆಳಕು ಬೀಳುತ್ತಿರುವಷ್ಟು ಹೊತ್ತೂ ಅದರ ತಂತಿಯಲ್ಲಿ ವೋಲ್ಟೇಜ್ ಇರುತ್ತದೆ. ಇವು ಎಲ್ಲಿವೆ ಎಂದು ಮನೆಯವರೇ ಮೊದಲು ಹೇಳಿದರೆ ಸಿಬ್ಬಂದಿಗೆ ದೊಡ್ಡ ಉಪಕಾರ.

ಗದ್ದೆಗೆ ಬೆಂಕಿ ಬಿದ್ದರೆ 112ಕ್ಕೆ ಫೋನ್ ಮಾಡುವಾಗಲೇ ಇನ್ನೊಬ್ಬರು ವಿದ್ಯುತ್ ಕಂಪನಿಯ 1912ಕ್ಕೆ ಮಾಡಿ, ಹತ್ತಿರದ ಟಿಸಿ (ಟ್ರಾನ್ಸ್‌ಫಾರ್ಮರ್) ಯಾವುದೆಂದು ಹೇಳಲಿ. ಲೈನ್ ಆಫ್ ಆಯಿತು ಎಂಬ ಮಾತು ಬಂದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಯಾವುದೋ ಮಿಲ್ಲಿನಲ್ಲಿ, ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಓಡುತ್ತಿದ್ದರೆ, ಅದರ 400 ವೋಲ್ಟ್ ಟಿಸಿಯೊಳಗೆ ಹಿಮ್ಮುಖವಾಗಿ ಹರಿದು ಮತ್ತೆ ಸುಮಾರು 11,000 ಆಗಿ ಲೈನಿಗೆ ಏರಬಲ್ಲದು. ಅದಕ್ಕೇ ಲೈನ್‌ಮ್ಯಾನ್ ಮೊದಲು ತಂತಿಯನ್ನು ಪರೀಕ್ಷಿಸಿ, ಅದನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡ್ ಹಾಕುತ್ತಾರೆ. ಅಲ್ಲಿಯವರೆಗೆ ಸಿಬ್ಬಂದಿ ಆ ತಂತಿಯ ಹತ್ತಿರ ಹೋಗುವಂತಿಲ್ಲ.